ಅಜ್ಜಿಗೊಂದು ಮನೆ ಹಿತ್ತಲಲ್ಲಿ: ಇಂಗ್ಲೆಂಡಿನ ಕಾನೂನು ಏನು ಹೇಳುತ್ತದೆ?



ಇಂಗ್ಲೆಂಡಿನಲ್ಲಿ ‘ಗ್ರ್ಯಾನಿ ಅನೆಕ್ಸ್’ ಎಂಬ ಮಾತು ಬಹಳ ಬಳಕೆಯಲ್ಲಿದೆ. ಗ್ರ್ಯಾನಿ ಎಂದರೆ ಅಜ್ಜಿ. ಮಗ ಅಥವಾ ಮಗಳ ಮನೆಯ ಹಿತ್ತಲಿನ ತೋಟದಲ್ಲಿ ವಯಸ್ಸಾದ ತಾಯಿಗೋ ತಂದೆಗೋ ಕಟ್ಟುವ ಸಣ್ಣ ಮನೆಗೆ ಈ ಹೆಸರು. ಒಂದು ಮಲಗುವ ಕೋಣೆ, ಒಂದು ಸ್ನಾನದ ಮನೆ, ಚಹಾ ಮಾಡಿಕೊಳ್ಳಲು ಚಿಕ್ಕ ಅಡುಗೆ ಕಟ್ಟೆ, ಇಷ್ಟಿದ್ದರೆ ಸಾಕು. ಹಿರಿಯರು ಕಣ್ಣಿಗೆ ಕಾಣುವಷ್ಟು ಹತ್ತಿರ ಇರುತ್ತಾರೆ. ತಮ್ಮ ಬಾಗಿಲನ್ನು ತಾವೇ ಹಾಕಿಕೊಳ್ಳುವ ಸ್ವಾತಂತ್ರ್ಯವೂ ಅವರಿಗೆ ಇರುತ್ತದೆ. ಇಂಥ ಮನೆಗೆ ಅಲ್ಲಿಯ ಯೋಜನಾ ಕಾನೂನು ಏನು ಹೇಳುತ್ತದೆ ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

ಇದು ನನಗೆ ಪಠ್ಯಪುಸ್ತಕದಿಂದ ಬಂದ ವಿಷಯವಲ್ಲ. ನನ್ನ ಖಾಲಾ, ಅಂದರೆ ಅಮ್ಮಿಯ ಅಕ್ಕ, ಮದುವೆಯಾಗಿ ಇಂಗ್ಲೆಂಡಿನಲ್ಲಿ ನೆಲೆಸಿದ್ದಾರೆ. ಅವರ ಅತ್ತೆಗೆ ಈಗ 78 ವರ್ಷ. ನಾವೆಲ್ಲರೂ ಅವರನ್ನು ದಾದಿ ಎಂದೇ ಕರೆಯುತ್ತೇವೆ. ದಾದಿ ಒಂಟಿಯಾಗಿ ಬೇರೆ ಮನೆಯಲ್ಲಿದ್ದಾರೆ. ಖಾಲಾ ಮನೆಯಲ್ಲಿ ಮಲಗುವ ಕೋಣೆಗಳೆಲ್ಲ ಮಹಡಿಯ ಮೇಲಿವೆ. ದಾದಿಯ ಮೊಣಕಾಲಿಗೆ ಆ ಮೆಟ್ಟಿಲು ಹತ್ತಲಾಗದು. ಹಾಗಾಗಿ ಹಿತ್ತಲಿನಲ್ಲಿ ಒಂದು ಅನೆಕ್ಸ್ ಕಟ್ಟುವ ಯೋಚನೆ ಬಂತು. ಕಟ್ಟಡ ಗುತ್ತಿಗೆದಾರನೊಬ್ಬ “ಎತ್ತರ ಎರಡೂವರೆ ಮೀಟರ್ ಒಳಗಿದ್ದರೆ ಅನುಮತಿಯೇ ಬೇಡ” ಎಂದು ಹೇಳಿ ಮುಂಗಡ ಹಣ ಕೇಳಿದ. ಆ ಮಾತು ಎಷ್ಟು ಸರಿ ಎಂದು ನೋಡಲು ಖಾಲಾ ಮಗಳು ಮತ್ತು ನಾನು ಫೋನಿನಲ್ಲಿ ಸೇರಿ ಸರ್ಕಾರದ ನಿಯಮಗಳನ್ನು ಓದಿದೆವು.

ಅನುಮತಿ ಬೇಡದ ಕಟ್ಟಡ ಯಾವುದು?

ಸ್ವಂತ ಜಾಗದಲ್ಲಿ ಕಟ್ಟಲು ಸಹ ಸರ್ಕಾರದ ಅನುಮತಿ ಬೇಕು ಎಂಬ ಈಗಿನ ವ್ಯವಸ್ಥೆ ಬ್ರಿಟನ್ನಿನಲ್ಲಿ ಬಂದದ್ದು 1947ರ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆಯಿಂದ. ಅದು 1948ರ ಜುಲೈ 1ರಂದು ಜಾರಿಯಾಯಿತು. ಆದರೆ ಪ್ರತಿಯೊಂದು ಸಣ್ಣ ಶೆಡ್ಡಿಗೂ ಅರ್ಜಿ ಹಾಕುವುದು ಕಷ್ಟ. ಆದ್ದರಿಂದ ಕೆಲವು ಕೆಲಸಗಳಿಗೆ ಕಾನೂನೇ ಮುಂಚಿತವಾಗಿ ಅನುಮತಿ ಕೊಟ್ಟಿದೆ. ಇಂಗ್ಲೆಂಡಿಗೆ ಅನ್ವಯಿಸುವ 2015ರ ಆದೇಶದಲ್ಲಿ ಹಿತ್ತಲಿನ ಕಟ್ಟಡಗಳಿಗೆ ‘ಕ್ಲಾಸ್ ಇ’ ಎಂಬ ಭಾಗವಿದೆ. ಅದರ ಮುಖ್ಯ ಷರತ್ತುಗಳು ಇವು:

1. ಕಟ್ಟಡಕ್ಕೆ ಒಂದೇ ಅಂತಸ್ತು ಇರಬೇಕು. ಸೂರಿನ ಅಂಚಿನ ಎತ್ತರ 2.5 ಮೀಟರ್ ಮೀರಬಾರದು.
2. ಎರಡು ಕಡೆ ಇಳಿಜಾರಿನ ಛಾವಣಿಯಾದರೆ ಒಟ್ಟು ಎತ್ತರ 4 ಮೀಟರ್, ಬೇರೆ ಛಾವಣಿಯಾದರೆ 3 ಮೀಟರ್ ಮೀರಬಾರದು.
3. ಕಟ್ಟಡದ ಯಾವುದೇ ಭಾಗ ಗಡಿಯಿಂದ 2 ಮೀಟರ್ ಒಳಗೆ ಬಂದರೆ ಒಟ್ಟು ಎತ್ತರವೇ 2.5 ಮೀಟರ್ ಮೀರಬಾರದು.
4. ಮನೆಯ ಮುಂಭಾಗಕ್ಕಿಂತ ಮುಂದೆ ಕಟ್ಟಬಾರದು.
5. ಮೂಲ ಮನೆಯನ್ನು ಬಿಟ್ಟು ಉಳಿದ ಜಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕಟ್ಟಡಗಳಿಂದ ತುಂಬಬಾರದು.

ಇಲ್ಲಿ ‘ಮೂಲ ಮನೆ’ ಎಂದರೆ 1948ರ ಜುಲೈ 1ರಂದು ಇದ್ದ ಮನೆ. ಆಮೇಲೆ ಕಟ್ಟಿದ್ದಾದರೆ, ಮೊದಲು ಕಟ್ಟಿದಾಗ ಹೇಗಿತ್ತೋ ಹಾಗೆ. ನಂತರ ಸೇರಿಸಿದ ಕೋಣೆಗಳೆಲ್ಲ ಅರ್ಧದ ಲೆಕ್ಕದೊಳಗೆ ಬರುತ್ತವೆ. ಫ್ಲ್ಯಾಟುಗಳಿಗೆ ಈ ಸೌಲಭ್ಯ ಇಲ್ಲ. ಸಂರಕ್ಷಿತ ಪಾರಂಪರಿಕ ಮನೆಗಳ ಆವರಣದಲ್ಲೂ ಇಲ್ಲ.

ಒಂದು ಲೆಕ್ಕ ಮಾಡಿ ನೋಡೋಣ

ಒಂದು ನಿವೇಶನ 300 ಚದರ ಮೀಟರ್ ಇದೆ ಎಂದುಕೊಳ್ಳಿ. ಮೂಲ ಮನೆ 80 ಚದರ ಮೀಟರ್. ಉಳಿದ ಜಾಗ 220. ಅದರ ಅರ್ಧ 110. ನಂತರ ಸೇರಿಸಿದ ಅಡುಗೆಮನೆ 25, ಹಳೆಯ ಶೆಡ್ 10, ಒಟ್ಟು 35. ಹಾಗಾದರೆ ಇನ್ನೂ 75 ಚದರ ಮೀಟರ್ ಕಟ್ಟಲು ಅವಕಾಶವಿದೆ. ಅಜ್ಜಿಗೆ ಬೇಕಾದದ್ದು 36 ಮಾತ್ರ. ಎತ್ತರವೂ ಮಿತಿಯೊಳಗಿದೆ. ಗುತ್ತಿಗೆದಾರನ ಮಾತು ನಿಜವೆಂದೇ ಕಾಣುತ್ತದೆ.

ಆದರೆ ಇನ್ನೊಂದು ಷರತ್ತು ಉಳಿದಿದೆ. ಅದು ಅಳತೆಯದ್ದಲ್ಲ, ಬಳಕೆಯದ್ದು.

ಯಾವ ಖಾತೆಗೆ ಸೇರುತ್ತದೆ?

ನಾವು ಅಕೌಂಟೆನ್ಸಿಯಲ್ಲಿ ಕಲಿತದ್ದನ್ನು ನೆನಪಿಸಿಕೊಳ್ಳಿ. ಪೀಠೋಪಕರಣದ ವ್ಯಾಪಾರಿ ಮಾರಲು ಕುರ್ಚಿ ಕೊಂಡರೆ ಅದು ಖರೀದಿ ಖಾತೆಗೆ ಹೋಗುತ್ತದೆ. ಅದೇ ಕುರ್ಚಿಯನ್ನು ನಮ್ಮ ಕಾಲೇಜು ಕೊಂಡರೆ ಸ್ಥಿರಾಸ್ತಿ ಖಾತೆಗೆ ಹೋಗುತ್ತದೆ. ಕುರ್ಚಿ ಒಂದೇ, ಬೆಲೆ ಒಂದೇ. ಖಾತೆಯನ್ನು ನಿರ್ಧರಿಸುವುದು ಬಳಕೆ.

ಯೋಜನಾ ಕಾನೂನೂ ಹೀಗೆಯೇ ಕೆಲಸ ಮಾಡುತ್ತದೆ. ‘ಕ್ಲಾಸ್ ಇ’ ಅಡಿಯಲ್ಲಿ ಕಟ್ಟುವ ಕಟ್ಟಡ ಮನೆಯ ವಾಸಕ್ಕೆ ‘ಇನ್ಸಿಡೆಂಟಲ್’ ಆಗಿರಬೇಕು. ಅಂದರೆ ಮನೆಯ ಬದುಕಿಗೆ ಪಕ್ಕದಲ್ಲಿ ಸೇರಿಕೊಂಡ ಪ್ರಾಸಂಗಿಕ ಬಳಕೆ. ಸಾಮಾನು ಇಡುವ ಶೆಡ್, ವ್ಯಾಯಾಮದ ಕೋಣೆ, ಹವ್ಯಾಸದ ಕೋಣೆ ಇದಕ್ಕೆ ಉದಾಹರಣೆ. ಮಲಗುವುದು, ಸ್ನಾನ ಮಾಡುವುದು, ಅಡುಗೆ ಮಾಡುವುದು ಪ್ರಾಸಂಗಿಕವಲ್ಲ. ಅದು ವಾಸವೇ. ಇದನ್ನು ‘ಆನ್ಸಿಲರಿ’, ಅಂದರೆ ಮುಖ್ಯ ಮನೆಗೆ ಪೂರಕವಾದ ವಾಸ ಎನ್ನುತ್ತಾರೆ. ಪೂರಕ ವಾಸಕ್ಕಾಗಿ ಹೊಸ ಕಟ್ಟಡ ಕಟ್ಟಲು ‘ಕ್ಲಾಸ್ ಇ’ ಸಾಲದು. ಸ್ಥಳೀಯ ಕೌನ್ಸಿಲ್‌ಗೆ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ಮೇಲಿನ ಉದಾಹರಣೆಯಲ್ಲಿ ಅಂಕಿಗಳೆಲ್ಲ ಸರಿಯಾಗಿವೆ, ಆದರೆ ಬರೆದ ಖಾತೆ ತಪ್ಪು.

ಅನುಮತಿ ಇಲ್ಲದೆ ಕಟ್ಟಿದರೆ ಕೌನ್ಸಿಲ್ ಜಾರಿ ನೋಟಿಸ್ ಕೊಟ್ಟು ತೆಗೆಸಬಹುದು. ಇದಕ್ಕಿರುವ ಕಾಲಮಿತಿ 2024ರ ಏಪ್ರಿಲ್‌ನಿಂದ ಸಾಮಾನ್ಯವಾಗಿ 10 ವರ್ಷ. ಮುಂಗಡ ತೆಗೆದುಕೊಂಡ ಗುತ್ತಿಗೆದಾರ ಹೊರಟು ಹೋಗಿರುತ್ತಾನೆ. ನೋಟಿಸ್ ಬರುವುದು ಮನೆಯವರಿಗೆ.

ದಾದಿಯ ಚಹಾ ಪಾತ್ರೆ

ಅರ್ಜಿಯಲ್ಲಿ ಅನೆಕ್ಸ್ ಬೇರೆ ಮನೆಯಲ್ಲ, ಈ ಮನೆಯದೇ ಭಾಗ ಎಂದು ತೋರಿಸಬೇಕಾಗುತ್ತದೆ. ಊಟ ಒಟ್ಟಿಗೆ ಮಾಡುತ್ತಾರೆಯೇ? ಒಂದೇ ಗೇಟು, ಒಂದೇ ವಿಳಾಸ, ಒಂದೇ ವಿದ್ಯುತ್ ಸಂಪರ್ಕ ಇದೆಯೇ? ನಡುವೆ ಬೇಲಿ ಹಾಕುತ್ತಾರೆಯೇ? ಇಂಥ ಪ್ರಶ್ನೆಗಳನ್ನು ನೋಡುತ್ತಾರೆ.

ಇದನ್ನು ಕೇಳಿದ ದಾದಿಗೆ ಬೇಸರವಾಯಿತು. “ನಾನು ಇವರ ಮೇಲೆ ಭಾರ ಎಂದು ಕಾಗದದಲ್ಲಿ ಬರೆಯಬೇಕೇ? ನನ್ನ ಚಹಾ ನಾನೇ ಮಾಡಿಕೊಳ್ಳುತ್ತೇನೆ” ಎಂದರು. ಅಡುಗೆ ಕಟ್ಟೆ ಬೇಡ ಎಂದರೆ ಅರ್ಜಿ ಸುಲಭವಾಗುತ್ತದೆ ಎಂದು ಮನೆಯಲ್ಲಿ ಕೆಲವರು ಹೇಳಿದರು. ದಾದಿ ಒಪ್ಪಲಿಲ್ಲ. ಚಹಾ ಪಾತ್ರೆ ಇಲ್ಲದ ಕೋಣೆಗೆ ತಾನು ಬರುವುದೇ ಇಲ್ಲ ಎಂದರು.

ಇದಕ್ಕೆ ನ್ಯಾಯಾಲಯದ ಒಂದು ತೀರ್ಪಿನಲ್ಲಿ ಉತ್ತರವಿದೆ. 1990ರ ದಶಕದ ಆರಂಭದಲ್ಲಿ ಅಟ್ಲ್ಸ್‌ಫರ್ಡ್ ಜಿಲ್ಲಾ ಕೌನ್ಸಿಲ್‌ನ ಪ್ರಕರಣವೊಂದು ಹೈಕೋರ್ಟಿಗೆ ಹೋಗಿತ್ತು. ಅನೆಕ್ಸಿನಲ್ಲಿ ಸ್ವತಂತ್ರವಾಗಿ ಬದುಕಲು ಬೇಕಾದ ಎಲ್ಲ ಸೌಲಭ್ಯ ಇದ್ದ ಮಾತ್ರಕ್ಕೆ ಅದು ಬೇರೆ ಮನೆಯಾಗುವುದಿಲ್ಲ, ವಾಸ್ತವವಾಗಿ ಅಲ್ಲಿ ಹೇಗೆ ಬದುಕುತ್ತಾರೆ ಎಂಬುದನ್ನು ಪ್ರತಿ ಪ್ರಕರಣದಲ್ಲೂ ನೋಡಬೇಕು ಎಂಬುದು ಅದರ ಸಾರ. ಅಂದರೆ ಒಲೆ ಇರುವುದು ತಪ್ಪಲ್ಲ. ಸ್ವಂತ ಒಲೆಯ ಮೇಲೆ ಚಹಾ ಕುದಿಸಿಕೊಂಡು, ರಾತ್ರಿ ಮೊಮ್ಮಕ್ಕಳ ಜೊತೆ ಊಟಕ್ಕೆ ಕೂರುವ ಅಜ್ಜಿ ಆ ಮನೆಯವರೇ. ಈ ಮಾತನ್ನು ಖಾಲಾ ಮಗಳು ಉರ್ದುವಿನಲ್ಲಿ ಬಿಡಿಸಿ ಹೇಳಿದ ಮೇಲೆ ದಾದಿ ನಕ್ಷೆ ನೋಡಲು ಕನ್ನಡಕ ಕೇಳಿದರಂತೆ.

ಬೇರೆ ದಾರಿ, ಬೇರೆ ನಿಯಮ

ಕೆಲವರು ಹಿತ್ತಲಿನಲ್ಲಿ ಸಾಗಿಸಬಹುದಾದ ಮನೆ ಇರಿಸುತ್ತಾರೆ. ಕಾನೂನಿನಲ್ಲಿ ಇದು ‘ಕಾರವಾನ್’. ಎರಡು ಭಾಗಗಳನ್ನು ಜೋಡಿಸಿದ ಕಾರವಾನ್ ಗರಿಷ್ಠ 20 ಮೀಟರ್ ಉದ್ದ, 6.8 ಮೀಟರ್ ಅಗಲ, ಒಳಗೆ 3.05 ಮೀಟರ್ ಎತ್ತರ ಇರಬಹುದು. ಇದನ್ನು ಇಡುವುದು ಸಾಮಾನ್ಯವಾಗಿ ‘ಕಟ್ಟಡ ಕಟ್ಟುವುದು’ ಎನಿಸುವುದಿಲ್ಲ. ಬಳಕೆ ಪೂರಕವಾಗಿದ್ದರೆ ಬಳಕೆಯೂ ಬದಲಾದಂತೆ ಆಗುವುದಿಲ್ಲ. ಈ ದಾರಿಯಲ್ಲಿ ಹೋಗುವವರು ಮೊದಲೇ ಕೌನ್ಸಿಲ್‌ನಿಂದ ಕಾನೂನುಬದ್ಧತೆಯ ಪ್ರಮಾಣಪತ್ರ ಪಡೆಯುವುದು ಕ್ಷೇಮ.

ಯೋಜನಾ ಅನುಮತಿ ಸಿಕ್ಕರೂ ಕಟ್ಟಡದ ಸುರಕ್ಷತಾ ನಿಯಮಗಳು ಬೇರೆ ಇವೆ. ಮಲಗುವ ಕೋಣೆ ಇರುವ ಕಟ್ಟಡ ಎಷ್ಟೇ ಚಿಕ್ಕದಾದರೂ ಬೆಂಕಿ, ಶಾಖ, ಚರಂಡಿ ಮೊದಲಾದವುಗಳ ತಪಾಸಣೆ ಅಗತ್ಯ.

ತೆರಿಗೆಯ ಮಾತು

ವಾಣಿಜ್ಯ ವಿದ್ಯಾರ್ಥಿಗಳು ಇದನ್ನು ಬಿಡುವಂತಿಲ್ಲ. ಸ್ವತಂತ್ರ ಸೌಲಭ್ಯವುಳ್ಳ ಅನೆಕ್ಸಿಗೆ ಕೌನ್ಸಿಲ್ ತೆರಿಗೆಯನ್ನು ಬೇರೆಯಾಗಿ ಲೆಕ್ಕ ಹಾಕಬಹುದು. ಆದರೆ ಅಲ್ಲಿ ವಾಸಿಸುವವರು ಮುಖ್ಯ ಮನೆಯವರ ಅವಲಂಬಿತ ಸಂಬಂಧಿಯಾಗಿದ್ದರೆ ‘ಕ್ಲಾಸ್ ಡಬ್ಲ್ಯೂ’ ಅಡಿಯಲ್ಲಿ ಪೂರ್ಣ ವಿನಾಯಿತಿ ಇದೆ. 65 ವರ್ಷ ದಾಟಿದ ಸಂಬಂಧಿಯನ್ನು ಅವಲಂಬಿತರೆಂದು ಪರಿಗಣಿಸುತ್ತಾರೆ. ಅದೇ ಕುಟುಂಬದ ಇತರ ಸದಸ್ಯರು ವಾಸಿಸಿದರೆ ಶೇಕಡಾ 50 ರಿಯಾಯಿತಿ ಸಿಗಬಹುದು. ಗಮನಿಸಿ: ಯೋಜನಾ ವಿಭಾಗಕ್ಕೆ ಒಂದೇ ಮನೆಯಾಗಿ ಕಾಣುವುದು ತೆರಿಗೆ ವಿಭಾಗಕ್ಕೆ ಎರಡಾಗಿ ಕಾಣಬಹುದು. ಎರಡೂ ಬೇರೆ ಬೇರೆ ಲೆಕ್ಕದ ಪುಸ್ತಕಗಳು.

ನೆನಪಿಡಬೇಕಾದ ಅಂಶಗಳು

1. ಅಳತೆ ಸರಿಯಿದ್ದರೆ ಸಾಲದು. ಬಳಕೆ ಯಾವುದು ಎಂದು ಮೊದಲು ಕೇಳಬೇಕು.
2. ಅರ್ಜಿಗೆ ಸಾಮಾನ್ಯವಾಗಿ 8 ವಾರಗಳಲ್ಲಿ ತೀರ್ಮಾನ ಬರಬೇಕು. ನೆರೆಯವರ ಅಭಿಪ್ರಾಯವನ್ನೂ ಕೇಳುತ್ತಾರೆ. ನಿರಾಕರಿಸಿದರೆ ಮೇಲ್ಮನವಿಗೆ ಅವಕಾಶವಿದೆ.
3. ಅನುಮತಿಯ ಜೊತೆ ಕೌನ್ಸಿಲ್ ಸಾಮಾನ್ಯವಾಗಿ ಒಂದು ಷರತ್ತು ಹಾಕುತ್ತದೆ: ಅನೆಕ್ಸನ್ನು ಮುಖ್ಯ ಮನೆಗೆ ಪೂರಕವಾಗಿ ಮಾತ್ರ ಬಳಸಬೇಕು. ಹಿರಿಯರ ನಂತರ ಅದನ್ನು ಹೊರಗಿನವರಿಗೆ ಬೇರೆ ಮನೆಯಾಗಿ ಬಾಡಿಗೆಗೆ ಕೊಡುವ ಆಸೆ ಇದ್ದರೆ ಅದನ್ನು ಹೂಡಿಕೆಯ ಲೆಕ್ಕದಲ್ಲಿ ಸೇರಿಸಬೇಡಿ.
4. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಿಗೆ ಅವುಗಳದೇ ನಿಯಮಗಳಿವೆ.

ಖಾಲಾ ಮನೆಯವರು ಗುತ್ತಿಗೆದಾರನಿಗೆ ಮುಂಗಡ ಕೊಡಲಿಲ್ಲ. ಅಡುಗೆ ಕಟ್ಟೆಯನ್ನೂ ನಕ್ಷೆಯಲ್ಲಿ ತೋರಿಸಿ ಅರ್ಜಿ ಹಾಕಿದ್ದಾರೆ. ನಮ್ಮ ಮನೆಗಳಲ್ಲಿ ಯಾರು ಮನೆಯವರು ಎಂದು ಯಾರೂ ಬರೆದಿಡುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಗೊತ್ತಿರುವುದನ್ನೇ ಅಳತೆ, ನಕ್ಷೆ, ವಿವರಣೆಯೊಂದಿಗೆ ಕಾಗದದಲ್ಲಿ ತೋರಿಸುವುದೂ ಒಂದು ವಿದ್ಯೆ. ಅದನ್ನು ನಾವು ನಮ್ಮ ತರಗತಿಯಲ್ಲೇ ಕಲಿಯುತ್ತಿದ್ದೇವೆ.