ಪರದೆಯ ಚುಕ್ಕಿಗಳೂ ಅಣ್ಣನ ಉಳಿತಾಯವೂ

ಮಕ್ಕಳೇ, ನಿಮ್ಮಲ್ಲಿ ಅನೇಕರು ಚುಕ್ಕಿ ರಂಗೋಲಿ ಹಾಕಿರುತ್ತೀರಿ. ಸಾಲಿಗೆ 10 ಚುಕ್ಕಿಗಳಂತೆ 10 ಸಾಲು ಇಟ್ಟರೆ ಒಟ್ಟು 100 ಚುಕ್ಕಿಗಳು. ಈಗ ಅದೇ ಜಾಗದಲ್ಲಿ ಸಾಲಿಗೆ 20ರಂತೆ 20 ಸಾಲು ಇಡಿ. ಚುಕ್ಕಿಗಳು ಎರಡು ಪಟ್ಟಾದವೇ? ಇಲ್ಲ, 400 ಆದವು. ನಾಲ್ಕು ಪಟ್ಟು! ರಂಗೋಲಿ ಚೆಂದ ಕಾಣುತ್ತದೆ ನಿಜ, ಆದರೆ ಚುಕ್ಕಿ ಇಡುವವರ ಬೆನ್ನು ಕೇಳಬೇಕಲ್ಲ!

ಗಣಕಯಂತ್ರದ ಪರದೆಯೂ ಒಂದು ಚುಕ್ಕಿ ರಂಗೋಲಿಯೇ. ಅಲ್ಲಿನ ಚುಕ್ಕಿಗೆ ಚಿತ್ರಬಿಂದು ಅಥವಾ ಪಿಕ್ಸೆಲ್ ಎಂದು ಹೆಸರು. ಟಿ.ವಿ. ಪರದೆ ಬೆಳ್ಳಗೆ ಕಾಣುತ್ತಿರುವಾಗ ಒಂದು ಭೂತಗನ್ನಡಿ ಹಿಡಿದು ಹತ್ತಿರದಿಂದ ನೋಡಿ. ಬಿಳಿ ಬಣ್ಣವೇ ಇರುವುದಿಲ್ಲ! ಕೆಂಪು, ಹಸಿರು, ನೀಲಿ ಗೀರುಗಳು ಒತ್ತೊತ್ತಾಗಿ ನಿಂತಿರುತ್ತವೆ. ಆ ಮೂರು ಸೇರಿ ಒಂದು ಚಿತ್ರಬಿಂದು. ಪರದೆಯಲ್ಲಿ ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು ಬಿಂದುಗಳಿವೆ ಎಂಬುದನ್ನೇ ಅದರ ರೆಸಲ್ಯೂಷನ್ ಎನ್ನುತ್ತಾರೆ.

ಈಗ ಒಂದು ಸಮಸ್ಯೆ. ನಿಮ್ಮ ಊರಿನಲ್ಲಿ ಡಿಪ್ಲೊಮಾ ಓದುವ ಅಣ್ಣನೊಬ್ಬ ಇದ್ದಾನೆ ಎಂದಿಟ್ಟುಕೊಳ್ಳಿ. ಅವನ ಬಳಿ ಹಳೆಯ ಗಣಕಯಂತ್ರವೊಂದಿದೆ. ರಜಾ ದಿನಗಳಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ದುಡಿದು ಎರಡು ವರ್ಷ ಹಣ ಕೂಡಿಟ್ಟಿದ್ದಾನೆ. ಕಾರ್ ಓಟದ ಆಟವನ್ನು ದೊಡ್ಡ, ನುಣುಪಾದ ಚಿತ್ರದಲ್ಲಿ ಆಡಬೇಕೆಂಬುದು ಅವನ ಆಸೆ. 27 ಅಂಗುಲದ 4ಕೆ ಪರದೆ ತರಲು ಹೊರಟಿದ್ದಾನೆ. ತರಲಿ ಎನ್ನುತ್ತೀರೋ, ತಡೆಯುತ್ತೀರೋ? ಲೆಕ್ಕ ಮಾಡಿ ಹೇಳೋಣ.

ಚುಕ್ಕಿಗಳ ಲೆಕ್ಕ

ಅಣ್ಣನ ಹಳೆಯ ಪರದೆಯಲ್ಲಿ 1920 × 1080 ಬಿಂದುಗಳಿವೆ. ಗುಣಿಸಿದರೆ 20,73,600. ಅವನಿಗೆ ಬೇಕಾದ 4ಕೆ ಪರದೆಯಲ್ಲಿ 3840 × 2160, ಅಂದರೆ 82,94,400. ರಂಗೋಲಿಯಲ್ಲಿ ಆದಂತೆ ಇಲ್ಲಿಯೂ ಸರಿಯಾಗಿ ನಾಲ್ಕು ಪಟ್ಟು. ಇವೆರಡರ ನಡುವೆ 2560 × 1440 ಎಂಬ ಇನ್ನೊಂದು ಅಳತೆಯೂ ಇದೆ. ಅದರಲ್ಲಿ 36,86,400 ಬಿಂದುಗಳು, ಹಳೆಯದರ ಸುಮಾರು 1.78 ಪಟ್ಟು. ಈ ನಡುವಿನ ಅಳತೆಯನ್ನು ನೆನಪಿಟ್ಟುಕೊಳ್ಳಿ.

ರಂಗೋಲಿಯನ್ನು ದಿನಕ್ಕೊಂದು ಸಲ ಹಾಕಿದರೆ ಸಾಕು. ಆಟದಲ್ಲಿ ಹಾಗಲ್ಲ. ಕಾರು ಒಂದು ಗೇಣು ಮುಂದೆ ಹೋದರೂ ಇಡೀ ಚಿತ್ರವನ್ನು ಅಳಿಸಿ ಹೊಸದಾಗಿ ಬರೆಯಬೇಕು. ಸೆಕೆಂಡಿಗೆ 60 ಚಿತ್ರಗಳು ಬಂದರೆ ಓಟ ನುಣುಪಾಗಿರುತ್ತದೆ. 30ಕ್ಕಿಂತ ಕೆಳಗಿಳಿದರೆ ತಡವರಿಸಿದಂತೆ ಕಾಣುತ್ತದೆ. (ಸಿನಿಮಾಕ್ಕೆ ಸೆಕೆಂಡಿಗೆ 24 ಚಿತ್ರಗಳೇ ಸಾಕಲ್ಲ ಎಂದು ಕೇಳುವಿರಾ? ಒಳ್ಳೆಯ ಪ್ರಶ್ನೆ. ಸಿನಿಮಾದ ಒಂದೊಂದು ಚಿತ್ರದಲ್ಲೂ ಚಲನೆಯ ಮಸುಕು ಸೇರಿರುತ್ತದೆ. ಅಲ್ಲದೆ ಸಿನಿಮಾದ ಕಾರನ್ನು ನೀವು ಓಡಿಸುವುದಿಲ್ಲ. ಆಟದಲ್ಲಿ ಗುಂಡಿ ಒತ್ತಿದ ತಕ್ಷಣ ಕಾರು ತಿರುಗಬೇಕು.)

4ಕೆ ಪರದೆಯಲ್ಲಿ ಸೆಕೆಂಡಿಗೆ 60 ಚಿತ್ರ ಎಂದರೆ 82,94,400 × 60 = 49,76,64,000 ಬಿಂದುಗಳು. ಸುಮಾರು ಐವತ್ತು ಕೋಟಿ! ಒಂದು ಚಿತ್ರಕ್ಕೆ ಸಿಗುವ ಕಾಲ ಸೆಕೆಂಡಿನ ಅರವತ್ತನೆಯ ಒಂದು ಭಾಗ ಮಾತ್ರ.

ಕಣ್ಣಿಗೆ ಎಷ್ಟು ಬೇಕು?

ಅಂಗಡಿಯವರು ಸಾಮಾನ್ಯವಾಗಿ ಕೇಳದ ಪ್ರಶ್ನೆ ಇದು. ಚುಕ್ಕಿಗಳು ಹೆಚ್ಚಿದಷ್ಟೂ ಚಿತ್ರ ಚೆನ್ನಾಗಿ ಕಾಣುತ್ತದೆಯೇ? ಮಾಡಿಯೇ ನೋಡಿ.

ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಅದರ ಸಣ್ಣ ಮನೆಗಳು 1 ಮಿ.ಮೀ. ಅಗಲ ಇರುತ್ತವೆ. ಒಂದು ಸಾಲು ಬಿಟ್ಟು ಒಂದು ಸಾಲಿಗೆ ಮೇಲಿನಿಂದ ಕೆಳಗೆ ಕಪ್ಪು ಬಣ್ಣ ತುಂಬಿ. ಹೀಗೆ ಹತ್ತು ಕಪ್ಪು ಗೆರೆಗಳಾಗಲಿ. ಹಾಳೆಯನ್ನು ಬೆಳಕು ಚೆನ್ನಾಗಿ ಬೀಳುವ ಗೋಡೆಗೆ ಅಂಟಿಸಿ, ನೋಡುತ್ತಾ ನೋಡುತ್ತಾ ಹಿಂದೆ ಸರಿಯಿರಿ. ಒಂದು ಕಡೆ ಗೆರೆಗಳೆಲ್ಲ ಕಲೆತು ಬರೀ ಬೂದು ಬಣ್ಣ ಕಾಣುತ್ತದೆ. ಅಲ್ಲಿಯೇ ನಿಂತು, ಗೋಡೆಯವರೆಗಿನ ದೂರವನ್ನು ಗೆಳೆಯನಿಂದ ಅಳತೆ ಮಾಡಿಸಿ. ದೋಷವಿಲ್ಲದ ಕಣ್ಣಿಗೆ ಇದು ಸುಮಾರು 3.4 ಮೀಟರ್ ಬರುತ್ತದೆ. ನಿಮಗೆ ತುಂಬ ಕಡಿಮೆ ಬಂದರೆ ಗುರುಗಳಿಗೆ ತಿಳಿಸಿ. ಕಣ್ಣಿನ ಪರೀಕ್ಷೆ ಮಾಡಿಸುವುದು ಒಳ್ಳೆಯದು.

3.4 ಮೀಟರ್ ಎಂದರೆ 3400 ಮಿ.ಮೀ. ಹಾಗಾದರೆ ದೂರವನ್ನು 3400ರಿಂದ ಭಾಗಿಸಿದರೆ ಆ ದೂರದಲ್ಲಿ ನಮ್ಮ ಕಣ್ಣು ಬಿಡಿಬಿಡಿಯಾಗಿ ಗುರುತಿಸಬಲ್ಲ ಅತಿ ಸಣ್ಣ ಚುಕ್ಕಿ ಸಿಗುತ್ತದೆ. ಅಣ್ಣ ಪರದೆಯಿಂದ 80 ಸೆಂ.ಮೀ. ದೂರ ಕೂರುತ್ತಾನೆ. 800 ÷ 3400 = 0.235 ಮಿ.ಮೀ. ಇದಕ್ಕಿಂತ ಸಣ್ಣ ಚುಕ್ಕಿ ಇದ್ದರೂ ಅವನ ಕಣ್ಣಿಗೆ ಅದು ಬೇರೆಯಾಗಿ ಕಾಣದು.

27 ಅಂಗುಲದ ಪರದೆಯ ಅಗಲ ಸುಮಾರು 598 ಮಿ.ಮೀ. (ಅಂಗುಲದ ಅಳತೆ ಮೂಲೆಯಿಂದ ಮೂಲೆಗೆ, ಮರೆಯಬೇಡಿ.) ಇದರಲ್ಲಿ ಅಡ್ಡಕ್ಕೆ 1920 ಬಿಂದುಗಳಿದ್ದರೆ ಒಂದೊಂದರ ಅಗಲ 0.31 ಮಿ.ಮೀ. ಚುಕ್ಕಿಗಳು ಕಣ್ಣಿಗೆ ಕಾಣುತ್ತವೆ, ಅಕ್ಷರಗಳ ಅಂಚು ಒರಟಾಗಿರುತ್ತದೆ. 2560 ಇದ್ದರೆ 0.23. ಕಣ್ಣಿನ ಮಿತಿಗೆ ಬಂದೇಬಿಟ್ಟಿತು! 3840 ಇದ್ದರೆ 0.16. ಅಣ್ಣ ಕೂರುವ ದೂರದಿಂದ ಈ ಕೊನೆಯ ಎರಡರಲ್ಲಿ ಬಹಳ ವ್ಯತ್ಯಾಸ ಕಾಣದು. ಆದರೆ ಯಂತ್ರದ ಕೆಲಸ ಮಾತ್ರ 2.25 ಪಟ್ಟು ಹೆಚ್ಚುತ್ತದೆ. ಆದ್ದರಿಂದ ನಡುವಿನ ಅಳತೆಯೇ ಅವನಿಗೆ ಸರಿ ಎಂದು ನನಗನಿಸುತ್ತದೆ.

ರೊಟ್ಟಿ ತಟ್ಟುವವರು, ಬೇಯಿಸುವವರು

ಪರದೆ ನಿರ್ಧಾರವಾಯಿತು. ಚಿತ್ರ ಬರೆಯುವವರು ಯಾರು? ಗಣಕಯಂತ್ರದಲ್ಲಿ ಈ ಕೆಲಸಕ್ಕೆ ಇಬ್ಬರಿದ್ದಾರೆ. ಒಂದು ಸಿ.ಪಿ.ಯು. ಕಾರು ಎಲ್ಲಿದೆ, ಯಾವುದಕ್ಕೆ ಡಿಕ್ಕಿ ಹೊಡೆಯಿತು, ಎದುರಾಳಿ ಯಾವ ಕಡೆ ತಿರುಗಿದ ಎಂಬುದನ್ನೆಲ್ಲ ಲೆಕ್ಕ ಹಾಕುವುದು ಇದೇ. ಇನ್ನೊಂದು ಗ್ರಾಫಿಕ್ಸ್ ಕಾರ್ಡಿನ ಮೇಲಿರುವ ಜಿ.ಪಿ.ಯು. ಪ್ರತಿ ಬಿಂದುವಿಗೂ ಬಣ್ಣ ತುಂಬುವುದು ಇದರ ಕೆಲಸ. 1999ರಲ್ಲಿ ಎನ್ವಿಡಿಯಾ ಕಂಪನಿಯು ಜೀಫೋರ್ಸ್ 256 ಎಂಬುದನ್ನು ಹೊರತಂದಾಗ ಜಿ.ಪಿ.ಯು. ಎಂಬ ಹೆಸರು ಜನಪ್ರಿಯವಾಯಿತು. ಸಿ.ಪಿ.ಯು. ಎಂದರೆ ಕಷ್ಟದ ಲೆಕ್ಕಗಳನ್ನು ಬೇಗ ಬಿಡಿಸುವ ನಾಲ್ಕಾರು ಮೇಷ್ಟ್ರುಗಳಿದ್ದಂತೆ. ಜಿ.ಪಿ.ಯು. ಎಂದರೆ ಒಬ್ಬೊಬ್ಬರೂ ಒಂದೊಂದು ಸುಲಭದ ಲೆಕ್ಕವನ್ನು ಏಕಕಾಲಕ್ಕೆ ಮಾಡುವ ಸಾವಿರಾರು ಮಕ್ಕಳಿದ್ದಂತೆ.

ಮನೆಯಲ್ಲಿ ಜೋಳದ ರೊಟ್ಟಿ ಮಾಡುವುದನ್ನು ನೆನೆಯಿರಿ. ಅಜ್ಜಿ ತಟ್ಟುತ್ತಾರೆ, ಅಮ್ಮ ಹಂಚಿನ ಮೇಲೆ ಬೇಯಿಸುತ್ತಾರೆ. ಅಜ್ಜಿ ನಿಧಾನವಾದರೆ ಹಂಚು ಖಾಲಿ ಕಾಯುತ್ತದೆ. ಹಂಚು ನಿಧಾನವಾದರೆ ತಟ್ಟಿದ ರೊಟ್ಟಿ ಕಾಯುತ್ತದೆ. ಇಬ್ಬರಲ್ಲಿ ನಿಧಾನದವರ ವೇಗವೇ ಒಟ್ಟು ಕೆಲಸದ ವೇಗ. ಇಲ್ಲಿ ಸಿ.ಪಿ.ಯು. ತಟ್ಟುವ ಅಜ್ಜಿ, ಗ್ರಾಫಿಕ್ಸ್ ಕಾರ್ಡು ಹಂಚು. ರೆಸಲ್ಯೂಷನ್ ಹೆಚ್ಚಿಸುವುದು ಎಂದರೆ ರೊಟ್ಟಿಯನ್ನು ದಪ್ಪ ಮಾಡಿದಂತೆ. ತಟ್ಟುವ ಹೊತ್ತು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಬೇಯುವ ಹೊತ್ತು ಮಾತ್ರ ಹೆಚ್ಚುತ್ತದೆ.

ಅಣ್ಣನ ಯಂತ್ರದಲ್ಲಿ ನಿಧಾನದವರು ಯಾರು? ಹಣ ಖರ್ಚು ಮಾಡದೆ ಕಂಡುಹಿಡಿಯಬಹುದು. ಆಟದ ಸೆಟ್ಟಿಂಗ್‌ಗೆ ಹೋಗಿ ರೆಸಲ್ಯೂಷನ್ನನ್ನು 1280 × 720ಕ್ಕೆ ಇಳಿಸಿ ಆಡಲಿ. ಸೆಕೆಂಡಿನ ಚಿತ್ರಗಳ ಸಂಖ್ಯೆ ಚೆನ್ನಾಗಿ ಏರಿದರೆ ಹಂಚು ನಿಧಾನ, ಅಂದರೆ ಕಾರ್ಡು ಬದಲಿಸಬೇಕು. ಏರದಿದ್ದರೆ ಅಜ್ಜಿ ಸುಸ್ತಾಗಿದ್ದಾರೆ. ಎಷ್ಟು ದುಬಾರಿ ಕಾರ್ಡು ತಂದರೂ ಚಿತ್ರಗಳು ಹೆಚ್ಚಾಗವು. ಈ ಪರೀಕ್ಷೆ ಮಾಡದೆ ಅಂಗಡಿಗೆ ಹೋಗಲೇಬಾರದು.

ಅಣ್ಣನ ಯಂತ್ರ ಹಳೆಯ ಪರದೆಯಲ್ಲಿ 40 ಚಿತ್ರಗಳನ್ನು ಕೊಡುತ್ತಿತ್ತು, ಇಳಿಸಿದಾಗ ಸಂಖ್ಯೆ ಏರಿ 60 ದಾಟಿತು ಎಂದುಕೊಳ್ಳೋಣ. ಸಿ.ಪಿ.ಯು. 60 ಚಿತ್ರಗಳಿಗೆ ಸಾಕು ಎಂದಾಯಿತು. ಅದೇ ಕಾರ್ಡಿಗೆ 4ಕೆ ಪರದೆ ಜೋಡಿಸಿದರೆ 40 ÷ 4 = 10 ಚಿತ್ರಗಳು. ಕಾರು ಓಡುವುದಿಲ್ಲ, ಕುಂಟುತ್ತದೆ! ನಡುವಿನ ಅಳತೆಯಲ್ಲಿ 40 ÷ 1.78, ಸುಮಾರು 22. ಅಲ್ಲಿ 60 ಬೇಕೆಂದರೆ ಹಳೆಯದಕ್ಕಿಂತ ಸುಮಾರು 2.7 ಪಟ್ಟು ಶಕ್ತಿಯ ಕಾರ್ಡು ಬೇಕು. 4ಕೆಗೆ ಆದರೆ 6 ಪಟ್ಟು. ನಿಜವಾದ ಆಟದಲ್ಲಿ ಸಂಖ್ಯೆಗಳು ಇಷ್ಟು ಕರಾರುವಾಕ್ಕಾಗಿ ಬರುವುದಿಲ್ಲ, ಆದರೆ ಅಂದಾಜಿಗೆ ಇದು ಸಾಕು.

ಇಲ್ಲೊಂದು ಜಾಣತನದ ದಾರಿಯೂ ಇದೆ. ಕಾರ್ಡು ಕಡಿಮೆ ಬಿಂದುಗಳಲ್ಲಿ ಚಿತ್ರ ಬರೆದು, ನಡುವಿನ ಬಿಂದುಗಳ ಬಣ್ಣವನ್ನು ಊಹಿಸಿ ತುಂಬುತ್ತದೆ. ಎನ್ವಿಡಿಯಾ ಇದನ್ನು 2018ರಲ್ಲಿ ಡಿ.ಎಲ್.ಎಸ್.ಎಸ್. ಎಂಬ ಹೆಸರಿನಲ್ಲಿ ತಂದಿತು, ಎ.ಎಂ.ಡಿ. ಕಂಪನಿ 2021ರಲ್ಲಿ ಎಫ್.ಎಸ್.ಆರ್. ಎಂದು ತಂದಿತು. ಊಹೆ ಊಹೆಯೇ, ತಂತಿ, ಕೂದಲು, ಹುಲ್ಲಿನ ಎಳೆಗಳಲ್ಲಿ ಕೆಲವೊಮ್ಮೆ ತಪ್ಪು ಕಾಣುತ್ತದೆ. ಆದರೂ ಕಡಿಮೆ ಹಣದವರಿಗೆ ಇದು ದೊಡ್ಡ ಉಪಕಾರ.

ಕಾರ್ಡಿನಲ್ಲಿ ಅದರದೇ ಆದ ಮೆಮೊರಿ ಇರುತ್ತದೆ. ಅದು ಅಡುಗೆಮನೆಯ ಕಟ್ಟೆ ಇದ್ದಂತೆ. ಬೇಕಾದ ಸಾಮಾನೆಲ್ಲ ಕಟ್ಟೆಯ ಮೇಲಿದ್ದರೆ ಅಡುಗೆ ಬೇಗ. ಕಟ್ಟೆ ಸಾಲದೆ ಪದೇ ಪದೇ ಅಟ್ಟ ಹತ್ತಿ ಇಳಿಯುವಂತಾದರೆ ಅಡುಗೆ ನಿಂತು ನಿಂತು ಸಾಗುತ್ತದೆ. ಬಿಂದುಗಳು ಹೆಚ್ಚಿದಂತೆ ಕಟ್ಟೆಯೂ ದೊಡ್ಡದು ಬೇಕು. ಹೊಸ ಆಟಗಳಲ್ಲಿ ಕೆಲವಕ್ಕೆ 8 ಜಿ.ಬಿ. ಸಾಲದು. ಒಂದೇ ಬೆಲೆಯ ಎರಡು ಕಾರ್ಡುಗಳ ವೇಗ ಹತ್ತಿರ ಹತ್ತಿರ ಇದ್ದರೆ ಮೆಮೊರಿ ಹೆಚ್ಚಿರುವುದನ್ನೇ ಆರಿಸುವುದು ಮೇಲು.

ವಿದ್ಯುತ್ತಿನ ಲೆಕ್ಕ

ಅನೇಕರು ಎಡವುವುದು ಇಲ್ಲಿ. ಗೋಡೆಯ ವಿದ್ಯುತ್ತನ್ನು ಯಂತ್ರಕ್ಕೆ ಬೇಕಾದಂತೆ ಬದಲಿಸಿ ಕೊಡುವ ಡಬ್ಬಿಗೆ ಎಸ್.ಎಂ.ಪಿ.ಎಸ್. ಎನ್ನುತ್ತಾರೆ. ಸಿ.ಪಿ.ಯು.ಗೆ 65 ವ್ಯಾಟ್, ಹೊಸ ಕಾರ್ಡಿಗೆ 200 ವ್ಯಾಟ್, ಉಳಿದುದಕ್ಕೆಲ್ಲ 60 ವ್ಯಾಟ್ ಹಿಡಿಯೋಣ. ಒಟ್ಟು 325. ನಿಮ್ಮ ತರಗತಿಯ 75 ವ್ಯಾಟಿನ ಫ್ಯಾನುಗಳು ನಾಲ್ಕಕ್ಕಿಂತ ಹೆಚ್ಚು ತಿರುಗಿದಷ್ಟು! ಡಬ್ಬಿ ಯಾವಾಗಲೂ ತನ್ನ ಪೂರ್ಣ ಶಕ್ತಿಯಲ್ಲಿ ದುಡಿಯಬಾರದು, ಆದ್ದರಿಂದ 450ರಿಂದ 500 ವ್ಯಾಟಿನದು ಇರಲಿ.

ಮದರ್‌ಬೋರ್ಡಿನ ಕಿಂಡಿಯಿಂದ ಕಾರ್ಡಿಗೆ ಹೆಚ್ಚೆಂದರೆ 75 ವ್ಯಾಟ್ ಸಿಗುತ್ತದೆ. ಡಬ್ಬಿಯಿಂದ ನೇರವಾಗಿ ಬರುವ 8 ಪಿನ್ನಿನ ತಂತಿ ಇನ್ನೂ 150 ವ್ಯಾಟ್ ಕೊಡುತ್ತದೆ. ಎರಡೂ ಸೇರಿ 225. ನಮ್ಮ ಕಾರ್ಡಿಗೆ ಸಾಕು. ಹಳೆಯ ಡಬ್ಬಿಯಲ್ಲಿ ಆ ತಂತಿಯೇ ಇಲ್ಲದಿದ್ದರೆ ಡಬ್ಬಿಯನ್ನೂ ಬದಲಿಸಬೇಕು. ಹೆಸರಿಲ್ಲದ ಅಗ್ಗದ ಡಬ್ಬಿ ಮಾತ್ರ ಬೇಡ. ಅದು ಕೆಟ್ಟರೆ ಜೊತೆಗೆ ಕಾರ್ಡನ್ನೂ ಸುಡಬಹುದು. ಡಬ್ಬಿಯ ಮೇಲೆ '80 ಪ್ಲಸ್' ಎಂಬ ಗುರುತಿದೆಯೇ ನೋಡಿ. ಗೋಡೆಯಿಂದ ಪಡೆದ ವಿದ್ಯುತ್ತಿನಲ್ಲಿ ಶೇ. 80ರಷ್ಟಾದರೂ ಯಂತ್ರಕ್ಕೆ ತಲುಪುತ್ತದೆ ಎಂದು ಅದರ ಅರ್ಥ. ಉಳಿದದ್ದು ಶಾಖವಾಗಿ ಹೋಗುತ್ತದೆ. 325 ವ್ಯಾಟ್ ಬೇಕಾದಾಗ ಗೋಡೆಯಿಂದ ಸುಮಾರು 406 ವ್ಯಾಟ್ ಎಳೆಯುತ್ತದೆ. ಹೀಗೆ ಎರಡೂವರೆ ಗಂಟೆ ಆಡಿದರೆ ಮೀಟರಿನಲ್ಲಿ ಒಂದು ಯೂನಿಟ್.

ಎಚ್ಚರಿಕೆ: ಎಸ್.ಎಂ.ಪಿ.ಎಸ್. ಡಬ್ಬಿಯನ್ನು ಎಂದಿಗೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ.

ಉಳಿದ ಸಾಮಾನುಗಳು

ರ‍್ಯಾಮ್‌ಗೂ ರೆಸಲ್ಯೂಷನ್‌ಗೂ ಹೆಚ್ಚು ಸಂಬಂಧವಿಲ್ಲ. ಆದರೆ 16 ಜಿ.ಬಿ.ಯ ಒಂದು ಪಟ್ಟಿಗಿಂತ 8ರ ಎರಡು ಪಟ್ಟಿಗಳು ಸಾಮಾನ್ಯವಾಗಿ ಮೇಲು, ಬಾವಿಗೆ ಎರಡು ರಾಟೆ ಇದ್ದಂತೆ. ಡಿ.ಡಿ.ಆರ್.4 ಪಟ್ಟಿ ಡಿ.ಡಿ.ಆರ್.5ರ ಕಿಂಡಿಗೆ ಹೋಗುವುದಿಲ್ಲ, ಕಚ್ಚಿನ ಜಾಗವೇ ಬೇರೆ. ಎಸ್.ಎಸ್.ಡಿ. ಹಾಕಿದರೆ ಆಟ ಬೇಗ ತೆರೆದುಕೊಳ್ಳುತ್ತದೆ, ಸೆಕೆಂಡಿನ ಚಿತ್ರಗಳು ಮಾತ್ರ ಅಷ್ಟಾಗಿ ಹೆಚ್ಚುವುದಿಲ್ಲ.

ಕಾರ್ಡು ಕೊಳ್ಳುವ ಮೊದಲು ಕ್ಯಾಬಿನೆಟ್ಟಿನ ಒಳಗಿನ ಉದ್ದವನ್ನು ಸ್ಕೇಲಿನಿಂದ ಅಳೆಯಿರಿ. ಕಾರ್ಡಿನ ಉದ್ದ ಮಿ.ಮೀ. ಲೆಕ್ಕದಲ್ಲಿ ಕಂಪನಿಯ ವಿವರದಲ್ಲಿರುತ್ತದೆ. ತಂದ ಮೇಲೆ ಪರದೆಯ ತಂತಿಯನ್ನು ಹೊಸ ಕಾರ್ಡಿಗೇ ಚುಚ್ಚಬೇಕು. ಅಭ್ಯಾಸಬಲದಿಂದ ಮದರ್‌ಬೋರ್ಡಿಗೆ ಚುಚ್ಚಿ, 'ಹೊಸ ಕಾರ್ಡು ಕೆಲಸವೇ ಮಾಡುವುದಿಲ್ಲ' ಎಂದು ಅಂಗಡಿಗೆ ಓಡುವವರು ಕಡಿಮೆಯೇನಿಲ್ಲ!

ಬೆಲೆಗಳು ತಿಂಗಳು ತಿಂಗಳಿಗೂ ಬದಲಾಗುವುದರಿಂದ ರೂಪಾಯಿಯಲ್ಲಿ ಹೇಳುವುದು ಬೇಡ. ಅಣ್ಣನ ಹಣವನ್ನು 100 ಪಾಲು ಮಾಡಿದರೆ, ನನ್ನ ಪ್ರಕಾರ ಅರ್ಧದಷ್ಟು ಕಾರ್ಡಿಗೆ, ಕಾಲು ಭಾಗ ಪರದೆಗೆ, 10 ಪಾಲು ಡಬ್ಬಿಗೆ ಹೋಗಲಿ. ಉಳಿದ 15ರಲ್ಲಿ ರ‍್ಯಾಮ್ ಮತ್ತು ಎಸ್.ಎಸ್.ಡಿ. ನೋಡಬಹುದು. ಒಟ್ಟಿಗೆ ಹಣ ಸಾಲದಿದ್ದರೆ ಮೊದಲು ಡಬ್ಬಿ ಮತ್ತು ಕಾರ್ಡು ತಂದು, ಹಳೆಯ ಪರದೆಯಲ್ಲೇ ಆಡುತ್ತಿರಲಿ. ಮೊದಲು ಪರದೆ ತಂದರೆ ಏನಾಗುತ್ತದೆಂದು ನೋಡಿದಿರಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆಯಲ್ಲಿ ಇಂಥ ಬಿಡಿಭಾಗಗಳ ಅಂಗಡಿಗಳು ಸಾಲು ಸಾಲಾಗಿವೆ. ಬಳಸಿದ ಕಾರ್ಡು ಕೊಳ್ಳುವುದಾದರೆ ಅಂಗಡಿಯಲ್ಲೇ ಅರ್ಧ ಗಂಟೆ ಆಟ ಓಡಿಸಿ ನೋಡಬೇಕು. ಚಿತ್ರದಲ್ಲಿ ವಿಚಿತ್ರ ಚೌಕಗಳು ಮೂಡಿದರೆ ಅಥವಾ ಫ್ಯಾನು ಕರಕರ ಎಂದರೆ ಬಿಟ್ಟು ಬರುವುದು ಒಳ್ಳೆಯದು.

ಲೆಕ್ಕ ಮಾಡಿ

1. ನಿಮ್ಮ ಶಾಲೆಯ ಟಿ.ವಿ.ಯ ಅಗಲವನ್ನು ಮಿ.ಮೀ.ನಲ್ಲಿ ಅಳೆದು 1920ರಿಂದ ಭಾಗಿಸಿ. ಬಂದ ಉತ್ತರವನ್ನು 3400ರಿಂದ ಗುಣಿಸಿ. ಎಷ್ಟು ದೂರ ಸರಿದರೆ ಅದರ ಚುಕ್ಕಿಗಳು ಕಾಣದಾಗುತ್ತವೆ? ಕೊನೆಯ ಬೆಂಚು ಅದಕ್ಕಿಂತ ಹಿಂದಿದೆಯೇ?

2. ಅಣ್ಣನ ತಂಗಿ ಅದೇ 27 ಅಂಗುಲದ ಪರದೆಯ ಮುಂದೆ 50 ಸೆಂ.ಮೀ. ದೂರದಲ್ಲಿ ಕುಳಿತು ದಿನವಿಡೀ ಚಿತ್ರ ಬಿಡಿಸುತ್ತಾಳೆ. ಆಟ ಆಡುವುದೇ ಇಲ್ಲ. ಅವಳಿಗೆ ಯಾವ ಪರದೆ ಹೇಳುತ್ತೀರಿ?