ಉಪವಾಸದ ದಿನ ಮೈಯೊಳಗೆ ಏನಾಗುತ್ತದೆ?



ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಉಪವಾಸಕ್ಕೆ ಕಡಿಮೆ ಇಲ್ಲ. ಏಕಾದಶಿ ಇದೆ, ಸಂಕಷ್ಟಿ ಇದೆ. ರಂಜಾನ್ ತಿಂಗಳಲ್ಲಿ ರೋಜಾ ಇದೆ. ಶಿವರಾತ್ರಿಯ ದಿನ ಉಪವಾಸ ಇದ್ದು ಸಹಸ್ರಲಿಂಗಕ್ಕೆ ಹೋಗುವವರಿದ್ದಾರೆ. ಗಂಡಸರೂ ಇರುತ್ತಾರೆ, ಹೆಂಗಸರೂ ಇರುತ್ತಾರೆ.

ಇಬ್ಬರ ಮೈಗೂ ಉಪವಾಸ ಒಂದೇ ರೀತಿಯೋ? ನೋಡೋಣ.

ಮೈಯೊಳಗಿನ ಅಂಚೆ

ನಮ್ಮ ರಕ್ತದಲ್ಲಿ ಕೆಲವು ರಸಗಳು ಹರಿಯುತ್ತವೆ. ಅಂಚೆಯವನ ಹಾಗೆ ಸುದ್ದಿ ಮುಟ್ಟಿಸುತ್ತವೆ. ಇವಕ್ಕೆ ಹಾರ್ಮೋನು ಎನ್ನುತ್ತಾರೆ.

ಹೊಟ್ಟೆ ಖಾಲಿ ಆದರೆ ಅಲ್ಲಿಂದ ಒಂದು ಹಾರ್ಮೋನು ಮಿದುಳಿಗೆ ಹೋಗುತ್ತದೆ. ‘ಹಸಿವಾಗಿದೆ’ ಎನ್ನುತ್ತದೆ. ಮೈಯ ಕೊಬ್ಬಿನಿಂದ ಇನ್ನೊಂದು ಹೋಗುತ್ತದೆ. ‘ಕೂಡಿಟ್ಟದ್ದು ಇದೆ’ ಎನ್ನುತ್ತದೆ. ಇದರ ಹೆಸರು ಲೆಪ್ಟಿನ್. ವಿಜ್ಞಾನಿಗಳು ಇದನ್ನು ಕಂಡುಹಿಡಿದದ್ದು 1994ರಲ್ಲಿ. ಊಟ ಕಡಿಮೆ ಆದರೆ ಲೆಪ್ಟಿನ್ ಇಳಿಯುತ್ತದೆ.

ಅಕ್ಕಿ ಡಬ್ಬ ಬರಿದಾಗುತ್ತಾ ಬಂದರೆ ನಾವು ಹಿಡಿ ನೋಡಿ ಅಕ್ಕಿ ಹಾಕುತ್ತೇವೆ, ಅಲ್ವಾ? ಮಿದುಳೂ ಹಾಗೇ. ಮಕ್ಕಳಾಗಲು ಬೇಕಾದ ಹಾರ್ಮೋನುಗಳನ್ನು ಕಡಿಮೆ ಮಾಡುತ್ತದೆ. ಆಗ ಹೆಂಗಸರ ಮುಟ್ಟು ಏರುಪೇರಾಗುತ್ತದೆ. ನಿಂತೂ ಹೋಗಬಹುದು. ಗಂಡಸರಲ್ಲಿಯೂ ಗಂಡು ಹಾರ್ಮೋನು ಇಳಿಯುತ್ತದೆ. ಆದರೆ ಅದು ಹೊರಗೆ ಬೇಗ ಕಾಣುವುದಿಲ್ಲ.

ತಿಥಿ ಇಲ್ಲದ ಉಪವಾಸ

ಗಟ್ಟಿಮುಟ್ಟಾದವರು ಒಂದು ದಿನ ಉಪವಾಸ ಮಾಡಿದರೆ ಸಾಮಾನ್ಯವಾಗಿ ಹೀಗಾಗುವುದಿಲ್ಲ. ಬಹಳ ದಿನ ಅರೆಹೊಟ್ಟೆ ಇದ್ದರೆ ಆಗುತ್ತದೆ.

ನಮ್ಮಲ್ಲಿ ಅರೆಹೊಟ್ಟೆ ಇರುವವರು ಯಾರು? ಎಲ್ಲರಿಗೂ ಬಡಿಸಿ, ಉಳಿದದ್ದು ಉಣ್ಣುವವರು ಯಾರು? ಉಂಡದ್ದು ಅಷ್ಟೇ. ಕೆಲಸ ಮಾತ್ರ ಬಹಳ. ಕೊಟ್ಟಿಗೆ, ನೀರು, ಸೌದೆ, ರಾತ್ರಿ ಅಡಿಕೆ ಸುಲಿಯುವುದು. ದೇವರ ಉಪವಾಸಕ್ಕೆ ತಿಥಿ ಇದೆ. ಈ ಉಪವಾಸಕ್ಕೆ ತಿಥಿಯೇ ಇಲ್ಲ. ಇದನ್ನು ನಾವು ಬಿಡಬೇಕು. ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣೋಣ.

ನೆನಪಿರಲಿ

ಬಸುರಿ, ಬಾಣಂತಿ, ರಕ್ತ ಕಡಿಮೆ ಇದ್ದವರು ಡಾಕ್ಟರನ್ನು ಕೇಳದೆ ಉಪವಾಸ ಮಾಡುವುದು ಬೇಡ. ಸಕ್ಕರೆ ಕಾಯಿಲೆಗೆ ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳುವವರೂ ಅಷ್ಟೇ. ಅವರಿಗೆ ಮೈ ನಡುಗಿ, ಬೆವರು ಬಂದರೆ ಕೂಡಲೇ ಸಕ್ಕರೆ ನೀರು ಕುಡಿಸಿ. ವ್ರತ ಆಮೇಲೆ.

ಬಸುರಿ ಅಲ್ಲದಿದ್ದರೂ ಮೂರು ತಿಂಗಳು ಮುಟ್ಟು ಬರಲಿಲ್ಲವೇ? ನಾಚಿಕೆ ಬೇಡ. ಆಶಾ ಕಾರ್ಯಕರ್ತೆಗೆ ಹೇಳಿ. ತಾಲ್ಲೂಕು ಆಸ್ಪತ್ರೆಗೆ ಹೋಗಿ ತೋರಿಸಿ.

ಓದಿ, ಉತ್ತರ ಹೇಳಿ

1. ಹಾರ್ಮೋನು ಯಾವ ಕೆಲಸ ಮಾಡುತ್ತದೆ?
2. ಯಾರು ಡಾಕ್ಟರನ್ನು ಕೇಳದೆ ಉಪವಾಸ ಮಾಡಬಾರದು?
3. ನಿನ್ನೆ ನೀವು ಏನೇನು ಉಂಡಿರಿ? ಪಟ್ಟಿ ಬರೆಯಿರಿ.