ಕಸಿಯ ಚಾಕು: ದೇಶೀಯ, ಪರದೇಶೀಯ

ದಿಗ್ಗೇವಾಡಿ ಮೊದಲಾದ ಗ್ರಾಮಗಳಲ್ಲಿ ಮಡಿಚುವ ಚಾಕು ಒಕ್ಕಲಿಗರಿಗೆ ನಿತ್ಯವೂ ಬೇಕಾದುದು. ಹಗ್ಗ ಕೊಯ್ಯಲು ಯಾವುದಾದರೂ ಸಾಕು. ಕೃಷ್ಣೆಯ ಆಚೆಯ ಅಥಣಿ ಸೀಮೆಯಲ್ಲಿ ದ್ರಾಕ್ಷಿಯನ್ನು ಕಸಿಮಾಡುವಾಗಲಾದರೋ, ಅಲಗು ಮೊಂಡಾಗಿ ಕೊಯ್ದ ಮುಖವು ಒರಟಾದರೆ ಕಡ್ಡಿಯು ಕೂಡದೆ ಒಣಗಿ, ಮಾಡಿದ ವೆಚ್ಚವೆಲ್ಲ ವ್ಯರ್ಥವಾಗುವುದು.

ಜರ್ಮನಿಯ ಸೋಲಿಂಗೆನ್, ಇಂಗ್ಲೆಂಡಿನ ಶೆಫೀಲ್ಡ್ ಊರುಗಳ ಹೆಸರಾಂತ ಚಾಕುಗಳಲ್ಲಿ ಹದವು ಸಾಮಾನ್ಯವಾಗಿ ಒಂದೇ ಸಮನಾಗಿರುವುದು. ಬೆಲೆ ಮಾತ್ರ ಹೆಚ್ಚು. ಊರ ಕಂಬಾರನು ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ ಅಲಗೂ ಒಳ್ಳೆಯ ಉಕ್ಕೇ. ಹದದಲ್ಲಿ ಒಂದಕ್ಕೊಂದು ಭೇದವುಂಟು. ಆದುದರಿಂದ ಕೊಳ್ಳುವ ಮುನ್ನ ಒಣಗಿದ ಜಾಲಿಯ ಕಡ್ಡಿಯನ್ನು ಕೊಯ್ದು ನೋಡತಕ್ಕದ್ದು. ಬಾಯಿ ಮಡಿದರೆ ಅಲಗು ಮೆತ್ತಗೆ, ಚಕ್ಕೆಯೆದ್ದರೆ ಅತಿಗಡಸು. ಎರಡನ್ನೂ ಕಂಬಾರನು ಮತ್ತೆ ಕಾಯಿಸಿ ಸರಿಪಡಿಸಬಲ್ಲನು. ಸಾಣೆಯಲ್ಲಿ ನೀಲಿಗಟ್ಟುವಷ್ಟು ಕಾದರೆ ಪರದೇಶದ ಅಲಗೂ ಹದಗೆಡುವುದು.